ಮೂರರಿಂದ ಎರಡು ಸಲ

ಖಗೋಳ ಸಂಶೋಧನಾ ತಂಡದವರೆಲ್ಲ ಅವಳನ್ನು ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ದೈತ್ಯ ನಕ್ಷತ್ರಗಳು ತಮ್ಮ ಮೈಯ ವಸ್ತುವನ್ನೇ ಗಾಳಿಯಾಗಿ ಊದಿ ಊದಿ ಸವೆಯುತ್ತವೆ. ಯಾವ ನಕ್ಷತ್ರ ವರ್ಷಕ್ಕೆ ಎಷ್ಟು ಕಳೆದುಕೊಳ್ಳುತ್ತದೆಂದು ಹೇಳುವ ಪ್ರೋಗ್ರಾಮನ್ನು ಆರು ವರ್ಷದ ಹಿಂದೆ ಬರೆದವಳು ಅವಳೇ.

ಆ ದಿನ ಹನ್ನೊಂದು ಗಂಟೆಗೆ ತಂಡದ ಟೀಚರಮ್ಮನ ಪಿಎಚ್.ಡಿ. ಮೌಖಿಕ ಪರೀಕ್ಷೆ. ಹದಿನೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ನಲವತ್ತರ ಹೊತ್ತಿಗೆ ಸಂಶೋಧನೆಗೆ ಬಂದ ಹೆಂಗಸು. ಅವಳ ಪ್ರಬಂಧವೆಲ್ಲ ನಿಂತಿದ್ದದ್ದು ಆ ಪ್ರೋಗ್ರಾಮಿನ ಅಂಕಿಗಳ ಮೇಲೆ.

ಒಂಬತ್ತೂವರೆಗೆ ಲೆಕ್ಕದಕ್ಕ ಆ ಪರೀಕ್ಷೆಗೆ ಬೇಕಾದ ಒಂದು ನಕ್ಷೆ ಮುದ್ರಿಸಲು ಕೂತಳು. ಸುಮ್ಮನೆ ಪ್ರೋಗ್ರಾಮಿನ ಹಳೆಯ ಸಾಲುಗಳ ಮೇಲೆ ಕಣ್ಣಾಡಿಸುತ್ತ ಒಂದು ಸಾಲಿಗೆ ಬಂದು ನಿಂತಳು. ನಕ್ಷತ್ರದ ಗಾಳಿ ಒಂದೇ ಸಮ ಬೀಸುವುದಿಲ್ಲ, ಗಂಟುಗಂಟಾಗಿರುತ್ತದೆ. ಗಂಟುಗಳು ಹೆಚ್ಚು ಹೊಳೆಯುವುದರಿಂದ ಗಾಳಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ; ಅದಕ್ಕೇ ಬಂದ ಅಂಕಿಯನ್ನು ಒಮ್ಮೆ ಮೂರರಿಂದ ಭಾಗಿಸಬೇಕು. ಅವಳು ಭಾಗಿಸಿದ್ದಳು. ಅದೇ ಅಂಕಿಯನ್ನು ಪ್ರೋಗ್ರಾಮಿನ ಇನ್ನೊಂದು ಕಡತದಲ್ಲಿ ಮತ್ತೊಮ್ಮೆ ಭಾಗಿಸಿದ್ದಳು.

ಕಾಗದದ ಮೇಲೆ ಒಂದು ನಕ್ಷತ್ರವನ್ನು ಲೆಕ್ಕ ಹಾಕಿ ನೋಡಿದಳು. ಇನ್ನೊಂದನ್ನೂ ನೋಡಿದಳು. ಪ್ರೋಗ್ರಾಮು ಕೊಟ್ಟ ಅಂಕಿ ಎರಡರಲ್ಲೂ ಮೂರನೇ ಒಂದು ಪಾಲೇ ಇತ್ತು. ಗಂಡನಿಗೆ ಫೋನು ಮಾಡಿದಳು.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಂಡಿರು," ಎಂದ ಅವನು. "ಆರು ವರ್ಷ ಯಾರಿಗೂ ಕಾಣದ್ದು ಇವತ್ತೇ ಕಾಣತ್ತಾ?"

"ನನಗೆ ಕಾಣ್ತಲ್ಲ, ರೀ."

ತಂಡದ ಮುಖ್ಯಸ್ಥರಾದ ಮೇಷ್ಟ್ರ ಕೋಣೆಗೆ ಹದಿನೆಂಟು ಹೆಜ್ಜೆ. ಅವರ ಒಂದು ಕೆಮ್ಮಿಗೇ ತಂಡ ಗಪ್‌ಚಿಪ್ ಆಗುತ್ತಿತ್ತು. ಎರಡು ಸಲ ತಿರುಗಿ ಬಂದು, ಮೂರನೆಯ ಸಲ ಬಾಗಿಲು ತಳ್ಳಿದಳು. ಹೇಳುವುದನ್ನು ಒಂದೇ ಉಸಿರಿನಲ್ಲಿ ಹೇಳಿದಳು.

ಮೇಷ್ಟ್ರು ಬೈಯಲಿಲ್ಲ. "ಬಾಗಿಲು ಹಾಕು," ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಹೋದ ತಿಂಗಳೇ ಅನುಮಾನ ಬಂದಿತ್ತಮ್ಮ. ತೆಗೆದು ನೋಡಿದ್ರೆ ಎಲ್ಲಿ ನಿಜ ಆಗ್ಬಿಡತ್ತೋ ಅಂತ ನೋಡ್ಲಿಲ್ಲ."

ಅವಳು ಮೇಷ್ಟ್ರ ಸಿಟ್ಟನ್ನು ಎದುರಿಸಲು ಸಜ್ಜಾಗಿ ಬಂದಿದ್ದಳು; ಅವರ ಭಯವನ್ನಲ್ಲ. ಇನ್ನು ಯಾರ ಬೆನ್ನ ಹಿಂದೆ ನಿಲ್ಲುವುದು?

"ಈ ಅಂಕಿ ಇಟ್ಕೊಂಡು ಪ್ರಕಟವಾದ ಮೂರು ಲೇಖನ ಇದೆ," ಎಂದರು ಮೇಷ್ಟ್ರು, ತಮಗೇ ಹೇಳಿಕೊಳ್ಳುವಂತೆ. "ಪರೀಕ್ಷೆ ಮುಗೀಲಿ, ಆಮೇಲೆ..."

"ಆಮೇಲೆ ಹೇಳಿದ್ರೆ ಅವಳ ಪದವೀನೂ ಸುಳ್ಳಾಗತ್ತೆ, ಸಾರ್," ಎಂದು ಲೆಕ್ಕದಕ್ಕ ಬಾಗಿಲು ತೆರೆದು ಹೊರಟಳು.

ಸಭಾಕೋಣೆಯಲ್ಲಿ ಟೀಚರಮ್ಮನ ಗಂಡ, ಅಮ್ಮ, ಇಬ್ಬರು ಹೆಣ್ಣುಮಕ್ಕಳು ಇಸ್ತ್ರಿ ಬಟ್ಟೆ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದರು. ಟೀಚರಮ್ಮನನ್ನು ಮೆಟ್ಟಿಲ ಬಳಿ ಕರೆದು ಲೆಕ್ಕದಕ್ಕ ತಪ್ಪೊಪ್ಪಿಕೊಂಡಳು.

"ಎಷ್ಟು ಪಟ್ಟು?" ಎಂದಳು ಟೀಚರಮ್ಮ.

"ಮೂರು."

"ಎಲ್ಲಾ ನಕ್ಷತ್ರಕ್ಕೂ?"

"ಎಲ್ಲಾದಕ್ಕೂ."

"ಅಮ್ಮನಿಗೆ ಏನಂತ ಹೇಳ್ಲಿ ನಾನು?" ಎಂದು ಗೋಡೆ ಹಿಡಿದುಕೊಂಡಳು. ಲೆಕ್ಕದಕ್ಕನಿಗೆ ಅವಳನ್ನು ಮುಟ್ಟುವ ಧೈರ್ಯ ಬರಲಿಲ್ಲ.

ಹನ್ನೊಂದಕ್ಕೆ ಟೀಚರಮ್ಮ ಎದ್ದು ನಿಂತು, ಪ್ರಬಂಧಕ್ಕೆ ಆಧಾರವಾದ ನಾಲ್ಕನೆಯ ಅಧ್ಯಾಯದ ಅಂಕಿಗಳೆಲ್ಲ ತಪ್ಪು ಎಂದು ಮೊದಲ ಮಾತಿಗೇ ಹೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ಪೆನ್ನು ಕೆಳಗಿಟ್ಟರು. ಆಗ ಮೇಷ್ಟ್ರು ಎದ್ದರು. "ಅನುಮಾನ ಬಂದೂ ಸುಮ್ಮನಿದ್ದವನು ನಾನು," ಎಂದು ಎಲ್ಲರೆದುರೇ ಹೇಳಿ ಕೂತರು.

ಪರೀಕ್ಷೆ ಮುಂದಕ್ಕೆ ಹೋಯಿತು. ಮೂರೂ ಲೇಖನಗಳನ್ನು ಹಿಂತೆಗೆದುಕೊಂಡರು. ಹೊಸ ಲೆಕ್ಕದಲ್ಲಿ ನಕ್ಷತ್ರಗಳು ಮೂರು ಪಟ್ಟು ಬೇಗ ಸವೆದವು. ಇಂಥ ನಕ್ಷತ್ರಗಳು ನಿಧಾನ ಸವೆದು, ಸತ್ತಾಗ ಭಾರೀ ಕಪ್ಪುಕುಳಿಗಳಾಗುತ್ತವೆ ಎಂದು ತಂಡಕ್ಕೆ ಹೆಸರು ತಂದಿದ್ದ ಮಾತು ಬಿದ್ದುಹೋಯಿತು. ಮೇಷ್ಟ್ರು ಮುಖ್ಯಸ್ಥರ ಕುರ್ಚಿ ಬಿಟ್ಟರು.

ಎರಡು ತಿಂಗಳು ಮಾತಾಡದಿದ್ದ ಟೀಚರಮ್ಮ ಒಂದು ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಬಂದು ಲೆಕ್ಕದಕ್ಕನ ಪಕ್ಕ ಕೂತಳು.

"ನಿನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ," ಎಂದಳು. "ಆದ್ರೂ ನಡಿ, ಪ್ರೋಗ್ರಾಮನ್ನ ಮೊದಲನೇ ಸಾಲಿಂದ ಓದೋಣ. ನೀನು ಜೋರಾಗಿ ಓದು, ನಾನು ಕೇಳಿಸ್ಕೋತೀನಿ."

ಲೆಕ್ಕದಕ್ಕ ಓದತೊಡಗಿದಳು. ಮುಂದಿನ ಸಾಲಿನಲ್ಲಿ ಏನು ಕಾದಿದೆಯೋ ಎಂದು ಅವಳ ದನಿ ನಡುಗುತ್ತಲೇ ಇತ್ತು.