ಡಬ್ಬಿಯ ಮೇಲಿನ ತೂತು

"ಸುಳ್ಳು ಹೇಳಬೇಡ ಮಾಪಣ್ಣ! ಆ ಡಬ್ಬಿಗೆ ಎಂತ ಮಾಡಿದ್ದು ನೀನು?"

"ನಾ ಯಾಕ ಮುಟ್ಲಿ ಸೇಠ್ರ? ಅದರ ಕಡೆ ನೋಡೂದೂ ಇಲ್ಲ ನಾ."

"ನೋಡುವುದಿಲ್ಲವಂತೆ! ಅದು ಬಂದ ದಿನದಿಂದ ನಿನ್ನ ಮೋರೆ ನೋಡ್ತಾ ಇದ್ದೇನೆ. ನಿನ್ನ ಕೆಲಸ ತಿಂದಿತು ಅಂತ ಹೊಟ್ಟೆಕಿಚ್ಚು."

"ಡಬ್ಬಿ ಮ್ಯಾಲೆ ಹೊಟ್ಟೆಕಿಚ್ಚು ಪಡ್ತಾರೇನ್ರೀ?"

ದಸರಾ ದಿನ ಬೆಳಿಗ್ಗೆ ಎಂಟು ಗಂಟೆ. ಮುಂಬೈ ಬಳಿಯ ಡೊಂಬಿವಲಿ ಪೂರ್ವದ ನನ್ನ ಹೋಟೆಲಿನಲ್ಲಿ ಹದಿನಾಲ್ಕು ಟೇಬಲ್ಲೂ ಭರ್ತಿ. ಆರ್ಡರ್ ಚೀಟಿ ಕೊಡಬೇಕಾದ ಅಡುಗೆಮನೆಯ ಪ್ರಿಂಟರು ಸುಮ್ಮನೆ ಕೂತಿತ್ತು.

ಮಾಪಣ್ಣ ಗುಲ್ಬರ್ಗದ ಕಡೆಯವನು. ಹತ್ತೊಂಬತ್ತು ವರ್ಷದಿಂದ ನನ್ನ ಹೋಟೆಲಿನಲ್ಲಿ ಆರ್ಡರ್ ಕೂಗುವುದು ಅವನ ಕೆಲಸ. ಸಪ್ಲೈಯರುಗಳು ಹೇಳಿದ್ದನ್ನೆಲ್ಲ ನೆನಪಿಟ್ಟು ಒಳಗೆ ಕೂಗುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಹಿಂದಿನ ವರ್ಷ ಅಡುಗೆಮನೆಯನ್ನು ಗಲ್ಲಿಯ ಆಚೆ ಬದಿಯ ಖಾಲಿ ಅಂಗಡಿಗೆ ಸಾಗಿಸಿದೆ. ಅವನು ಗಲ್ಲಿಯ ನಡುವೆ ನಿಂತು ಕೂಗತೊಡಗಿದ. ಎರಡೇ ವಾರಕ್ಕೆ ಮೇಲಿನ ಮಹಡಿಯವರ ಹೌಸಿಂಗ್ ಸೊಸೈಟಿಯಿಂದ ಕೂಗಬಾರದೆಂದು ನೋಟೀಸು ಬಂತು. ವಯರ್ ಎಳೆಯೋಣವೆಂದರೆ ಗಲ್ಲಿಯ ಮೇಲೆ ವಯರೂ ತೂಗಾಡಬಾರದಂತೆ.

ಕಲ್ಯಾಣದ ಕಂಪ್ಯೂಟರ್ ಅಂಗಡಿಯ ದಿಶಾ ದಾರಿ ತೋರಿಸಿದಳು. ಕೌಂಟರಿನಲ್ಲಿ ಒಂದು ವೈಫೈ ಡಬ್ಬಿ ಮೊದಲೇ ಇತ್ತು. ಅಂಥದ್ದೇ ಇನ್ನೊಂದನ್ನು ಅಡುಗೆಮನೆಯ ಗೋಡೆಗೆ ಎತ್ತರದಲ್ಲಿ, ವಯರು ಸಿಕ್ಕಿಸುವ ಬದಿ ಮೇಲೆ ಬರುವಂತೆ ಜಡಿದಳು. ಅಂಥ ಡಬ್ಬಿಯ ಕೆಲಸ ವೈಫೈ ಹಂಚುವುದು. ಇವಳು ಅದರ ಬುದ್ಧಿ ತಿರುಗಿಸಿ, ಹಂಚುವ ಬದಲು ಕೌಂಟರಿನ ಡಬ್ಬಿಯಿಂದ ಹಿಡಿದುಕೊಂಡು ವಯರಿನ ಮೂಲಕ ಪ್ರಿಂಟರಿಗೆ ದಾಟಿಸುವಂತೆ ಮಾಡಿದಳು. ನಮ್ಮದು ವೈಫೈ ಇಲ್ಲದ ಹಳೆಯ ಪ್ರಿಂಟರು. ನಡುವೆ ಗಲ್ಲಿ ಇರುವುದೇ ಅದಕ್ಕೆ ತಿಳಿಯುವುದಿಲ್ಲ. ಆಚೆ ಡಬ್ಬಿಯ ಹೆಸರು, ಪಾಸ್‌ವರ್ಡು, ಈ ಡಬ್ಬಿಗೇ ಬೇರೊಂದು ನಂಬರು, ಎಲ್ಲ ತುಂಬಿಸಲು ಎರಡು ಗಂಟೆ ಹಿಡಿಯಿತು. ಅಂದಿನಿಂದ ಮಾಪಣ್ಣ ಟೇಬಲ್ ಒರೆಸುತ್ತಿದ್ದ. ನಾನು ಸಂಬಳ ಕಡಿಮೆ ಮಾಡಲಿಲ್ಲ. ಅವನು ಮಾತು ಕಡಿಮೆ ಮಾಡಿದ.

"ದಿಶಾ ಬರಲಿ," ಅಂದೆ. "ನಿನ್ನ ಕೈವಾಡ ಅಂತ ಗೊತ್ತಾದರೆ ಇವತ್ತೇ ಗಂಟು ಕಟ್ಟು."

"ಮತ್ತ ನಂದಲ್ಲ ಅಂತ ಗೊತ್ತಾದ್ರ?"

"ಮೊದಲು ಗಲ್ಲಿಗೆ ಹೋಗಿ ಕೂಗು."

ಹೋದ. ಕೂಗಿದ. "ಚಾರ್ ಸಾದಾ, ದೋ ಮಸಾಲಾ, ಏಕ್ ಬಿನಾ ಕಾಂದಾ!" ಈರುಳ್ಳಿ ಬೇಡವೆಂದವರನ್ನೂ ಮರೆಯಲಿಲ್ಲ. ಒಂಬತ್ತು ತಿಂಗಳು ಬಳಸದ ದನಿಗೆ ಏನೂ ಆಗಿರಲಿಲ್ಲ. ಮೂರನೇ ಮಹಡಿಯ ಕಿಟಕಿಯೊಂದು ತೆರೆದುಕೊಂಡಿತು. ಹಬ್ಬದ ದಿನವೆಂದೋ ಏನೋ, ಮತ್ತೆ ಮುಚ್ಚಿಕೊಂಡಿತು. ಕೌಂಟರಿನಲ್ಲಿ ನನ್ನ ಹೆಂಡತಿ ರತ್ನಾವತಿ ಬಿಲ್ಲಿಗಾಗಿ ಆರ್ಡರುಗಳನ್ನು ಎಂದಿನಂತೆ ಕಂಪ್ಯೂಟರಿಗೆ ಒತ್ತುತ್ತಲೇ ಇದ್ದಳು.

ಹತ್ತು ಗಂಟೆಗೆ ದಿಶಾ ಬಂದಳು. ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಡಿದಳು.

"ಅಂಕಲ್, ಸಬ್ ಸೆಟ್ಟಿಂಗ್ ಉಡ್ ಗಯಾ. ಹೊಸದರಲ್ಲಿ ಹೇಗಿತ್ತೋ ಹಾಗಾಗಿದೆ. ಕೌಂಟರಿನ ಡಬ್ಬಿ ಬಿಟ್ಟು ತಾನೇ ಬೇರೆ ವೈಫೈ ಹಂಚ್ತಾ ಇದೆ. ರಿಸೆಟ್ ತೂತಿಗೆ ಯಾರೋ ಕಡ್ಡಿ ಹಾಕಿ ಒತ್ತಿದ್ದಾರೆ."

"ನಾನು ಹೇಳಲಿಲ್ವಾ!" ಎಂದು ಗಲ್ಲಿಗೆ ಕೇಳುವಂತೆ ಕಿರುಚಿದೆ.

ದಿಶಾ ಸ್ಟೂಲ್ ಹತ್ತಿದಳು. ಡಬ್ಬಿಯ ಮೇಲೆಲ್ಲ ಬೂದಿ. ತೂತಿನಲ್ಲಿ ಅಗರಬತ್ತಿಯ ಕಡ್ಡಿ ಇನ್ನೂ ನೆಟ್ಟಗೆ ನಿಂತಿತ್ತು.

"ಯೆ ಕಿಸ್ನೆ ಡಾಲಾ ಅಂಕಲ್? ಯಾರು ಚುಚ್ಚಿದ್ದು?"

ಹಿಂದಿನ ಮಧ್ಯಾಹ್ನ ಹೋಟೆಲು ಮುಚ್ಚಿ ಆಯುಧಪೂಜೆ ಮಾಡಿದ್ದೆವು. ಗ್ರೈಂಡರು, ಫ್ರಿಜ್ಜು, ಒಲೆ, ತಕ್ಕಡಿ, ಒಂದೊಂದರ ಮುಂದೆ ಒಂದೊಂದು ಬಾಳೆಹಣ್ಣು, ಹಣ್ಣಿಗೆ ಚುಚ್ಚಿದ ಅಗರಬತ್ತಿ. ಡಬ್ಬಿಯ ಸರದಿ ಬರುವಾಗ ಹಣ್ಣು ಮುಗಿದಿತ್ತು. ಕಡ್ಡಿಗೆಂದೇ ಮಾಡಿದಂಥ ತೂತು ಅಲ್ಲಿತ್ತು. ಗಟ್ಟಿಯಾಗಿ ನಿಲ್ಲಲಿ ಎಂದು ಒತ್ತಿದೆ. ಒಳಗೆ ಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ದೀಪಗಳೆಲ್ಲ ಒಟ್ಟಿಗೆ ಮಿನುಗಿದವು. ಪೂಜೆ ಸಂದಿತು ಎಂದು ಕೈಮುಗಿದು ಇಳಿದೆ. ಸ್ಟೂಲ್ ಹಿಡಿದುಕೊಂಡಿದ್ದವನು ಮಾಪಣ್ಣ.

ಈಗ ಅವನು ಬಾಗಿಲಲ್ಲಿ ನಿಂತಿದ್ದ. ರತ್ನಾವತಿಯೂ ಬಂದಿದ್ದಳು.

"ತಪ್ಪಾಯ್ತು ಅಂತ ಅವನಿಗೆ ಒಂದು ಮಾತು ಹೇಳಿ ಮಾರಾಯ್ರೆ," ಅಂದಳು.

"ಗಿರಾಕಿಗಳು ಕಾಯ್ತಾ ಇದ್ದಾರೆ," ಅಂದೆ. "ಎಷ್ಟು ಹೊತ್ತು ದಿಶಾ?"

"ಅರ್ಧ ಗಂಟೆ. ಎಲ್ಲ ಬರೆದಿಟ್ಟಿದ್ದೇನೆ."

ಮಾಪಣ್ಣ ಗಲ್ಲಿಗೆ ಹೋಗಿ ಆ ಅರ್ಧ ಗಂಟೆಯೂ ಕೂಗಿದ.

ಪ್ರಿಂಟರಿಗೆ ಜೀವ ಬಂದದ್ದೇ, ಬೆಳಿಗ್ಗೆಯಿಂದ ರತ್ನಾವತಿ ಒತ್ತಿದ್ದನ್ನೆಲ್ಲ ಒಂದೇ ಉಸಿರಿಗೆ ಉಗುಳಿತು. ಚೀಟಿ ನೆಲ ಮುಟ್ಟಿತು. ಅದರಲ್ಲಿದ್ದ ತಿಂಡಿಯೆಲ್ಲ ಮಾಪಣ್ಣನ ಬಾಯಿಂದಲೇ ಒಳಗೆ ಹೋಗಿ ಟೇಬಲಿಗೆ ಬಂದಾಗಿತ್ತು. ಒಂದೂ ತಪ್ಪಿರಲಿಲ್ಲ. ನಾನು ತಡೆಯುವುದರೊಳಗೆ ದೋಸೆ ಭಟ್ಟರು ಚೀಟಿ ನೋಡಿ ಇನ್ನೂ ಎರಡು ಮಸಾಲೆ ಹೊಯ್ದುಬಿಟ್ಟರು.

ಮಾಪಣ್ಣ ಹೆಗಲ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದ. ಅಟ್ಟದಿಂದ ಚೀಲ ಇಳಿಸಿಕೊಂಡು ಬಂದ.

"ಎಲ್ಲಿಗೆ?"

"ಟೇಶನ್ನಿಗೆ."

"ಎರಡು ಮಸಾಲೆ ಜಾಸ್ತಿಯಾಗಿದೆ. ತಿಂದು ಹೋಗು."



"ಡಬ್ಬಿ ಮುಂದ ಇಡ್ರೀ ಸೇಠ್ರ. ನಿನ್ನೆ ನೈವೇದ್ಯ ಬಾಕಿ ಉಳದದ."

ಗಲ್ಲಿ ದಾಟಿ ಸ್ಟೇಷನ್ ಕಡೆಗೆ ತಿರುಗಿದ. ನಾನು ತಟ್ಟೆ ಮುಚ್ಚಿಟ್ಟೆ. ಸಂಜೆ ಐದಕ್ಕೆ ರತ್ನಾವತಿ ಅದನ್ನು ತೆಗೆದಳು.

"ನಾಳೆ ಬರ್ತಾನೆ," ಅಂದೆ.

ಬರಲಿಲ್ಲ.