ಮದುವೆ ಕ್ಯಾಸೆಟ್ಟಿನ ಕರಡಿ

ಭದ್ರಾವತಿ ನ್ಯೂ ಟೌನಿನ ಆ ಕ್ವಾರ್ಟರ್ಸಿನಲ್ಲಿ ಪರಮೇಶನ ಮದುವೆ ಕ್ಯಾಸೆಟ್ಟನ್ನು ಮದುವೆಗಾಗಿ ನೋಡುವವನು ಪರಮೇಶನೊಬ್ಬನೇ. ಹನ್ನೆರಡು ವರ್ಷದ ಹಿಂದೆ ಖಾಲಿ ಎಂದುಕೊಂಡು ಅವನು ವಿಡಿಯೋದವನ ಕೈಗಿತ್ತದ್ದು, ಟಿವಿಯಿಂದ ಹಳೇ ಕಾರ್ಟೂನು ಇಳಿಸಿಕೊಂಡಿದ್ದ ಕ್ಯಾಸೆಟ್ಟನ್ನು. ಹೆಣ್ಣೊಪ್ಪಿಸುವ ಅಳು ಮುಗಿದು ಪರದೆ ಜರ್ರೆಂದದ್ದೇ ತಡ, ಕಪ್ಪು ಬಿಳುಪಿನ ಕರಡಿಯೊಂದು ಗಾಳಿಗೆ ಹಾರಿದ ತನ್ನ ಟೋಪಿಯ ಬೆನ್ನು ಹತ್ತುತ್ತಿತ್ತು. ಮಾತಿಲ್ಲ, ಬರೀ ಪಿಟೀಲು.

ಪರಮೇಶನ ತಾಯಿ ದ್ಯಾಮಮ್ಮನಿಗೆ ಅದೇ ಬೇಕು. ಧಾರೆ ನಡೆಯುವಾಗಲೇ, "ಕರಡಿ ಬಂತೇನೇ ಮಾರಾಯ್ತಿ?" ಎಂದು ಮೊಮ್ಮಗಳು, ಪರಮೇಶನ ಅಣ್ಣನ ಮಗಳು ಇಂಪನಾಳನ್ನು ತಿವಿಯುವರು. ಪದವಿ ಮುಗಿಸಿಯೂ ನೆಂಟರು ಬಂದರೆ ಒಳಕೋಣೆ ಸೇರುವ ಇಂಪನಾಳಿಗೂ ಕರಡಿಯೆಂದರೆ ಜೀವ. ಅದು ಸುಮ್ಮನೆ ನಿಂತಾಗಲೂ ಅದರ ಗೆರೆ ಸಣ್ಣಗೆ ನಡುಗುತ್ತಿತ್ತು. ಚಿತ್ರ ಬರೆದವರ ಕೈ ಇನ್ನೂ ಅಲ್ಲೇ ಇದೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದಳು.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿದಾಗ, ಸಿಡಿ ಮಾಡಿಸಲು ಚಿಕ್ಕಪ್ಪ ಅವಳನ್ನೇ ಶಿವಮೊಗ್ಗಕ್ಕೆ ಕಳಿಸಿದ. ಅಂಗಡಿಯ ಮಂಜಪ್ಪ ಎಲ್ಲ ನೋಡಿ, ಎರಡು ಸಿಡಿ ತುಂಬಿಯೂ ಎಂಟು ನಿಮಿಷ ಉಳಿಯುತ್ತದೆ, ಕೊನೆಯ ಕಾರ್ಟೂನು ತೆಗೆದರೆ ಸರಿಹೋಗುತ್ತದೆ ಎಂದ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಇಂಪನಾ ಎಂದಿನಂತೆ ತಲೆಯಾಡಿಸಿ ಮೆಟ್ಟಿಲಿಳಿದಳು.

ಭದ್ರಾವತಿ ಬಸ್ಸು ಬಂತು. ಒಂದು ಕಾಲು ಒಳಗಿಟ್ಟಳು. ಕರಡಿ ಬಂತೇನೇ ಎಂದು ಅಜ್ಜಿ ಕೇಳಿದರೆ ಏನು ಹೇಳುವುದು? ಕಂಡಕ್ಟರು ಬೈಯುತ್ತಿರುವಂತೆಯೇ ಇಳಿದು, ಬಂದ ದಾರಿಯಲ್ಲೇ ಓಡಿದಳು.

"ಮದುವೇನ ಬೇಕಾದ್ರೆ ಕತ್ತರ್ಸಿ," ಎಂದಳು, ಏದುಸಿರಿನಲ್ಲಿ. "ಕರಡಿ ಮುಟ್ಬೇಡಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಾವುದನ್ನು ಕತ್ತರಿಸಲಿ ಎಂದು ಮಂಜಪ್ಪ ಕೇಳಿದಾಗ, ಊಟದ ಪಂಕ್ತಿ ಎಂದುಬಿಟ್ಟಳು.

ಭಾನುವಾರ ಮನೆಮಂದಿಯೆಲ್ಲ ಟಿವಿ ಮುಂದೆ ಕುಳಿತರು. ಆರತಕ್ಷತೆಯಿಂದ ಚಿತ್ರ ನೇರವಾಗಿ ಹೆಣ್ಣೊಪ್ಪಿಸುವುದಕ್ಕೆ ಜಿಗಿದಾಗ ಪರಮೇಶ ಎದ್ದುನಿಂತ.

"ನಮ್ ಭಾವ ಹೋಳಿಗೆ ತಿನ್ನೋದು ಎಲ್ಲೋಯ್ತೇ?"

ಇಂಪನಾ ಕುಳಿತಲ್ಲಿಂದಲೇ ಹೇಳಿದಳು: "ನಾನೇ ತೆಗೆಸ್ದೆ ಚಿಕ್ಕಪ್ಪ. ಕರಡಿಗೆ ಜಾಗ ಇರ್ಲಿಲ್ಲ."

ಅವನು ಬಾಯಿ ತೆರೆಯುವ ಮೊದಲೇ ದ್ಯಾಮಮ್ಮ ಹೇಳಿದರು: "ಅಳಿಯಂದ್ರು ವರ್ಷಕ್ಕೆ ಮೂರ್ ಸಲ ಬಂದು ಎದುರ್ಗೇ ಕೂತು ಉಣ್ತಾರೆ. ಕರಡಿ ಬರುತ್ತೇನೋ?"

ಅಷ್ಟರಲ್ಲಿ ಪಿಟೀಲು ಶುರುವಾಯಿತು. ಟೋಪಿ ಹಾರಿತು. ರಿಮೋಟು ಹಿಡಿದು ನಿಂತಿದ್ದ ಪರಮೇಶ ಒಂದು ನಿಮಿಷ ಹಾಗೆಯೇ ನೋಡಿದ. ಆಮೇಲೆ, ಸರ್ಕೊಳೇ ಎಂದು ಇಂಪನಾಳ ಪಕ್ಕದಲ್ಲೇ ಕುಳಿತ.