ಅರಿಶಿನ ಹಚ್ಚದ ಕಾರ್ಡು

ಒಂದು ಡ್ರಾಯಿಂಗ್ ಹಾಳೆಗೆ ಎಪ್ಪತ್ತೆರಡು ಪೈಸೆ. ಅಳೆದು ಕತ್ತರಿಸಿದರೆ ಹಬ್ಬಕ್ಕೆ ಕಳಿಸುವಂಥ ಇಪ್ಪತ್ತನಾಲ್ಕು ಕಾರ್ಡು, ಅಂದರೆ ಕಾರ್ಡಿಗೆ ಮೂರು ಪೈಸೆ. ಶಾಯಿ, ಬ್ಲೇಡು, ಪ್ಯಾಡು ಒಣಗದಂತೆ ಬಿಡುವ ನಾಲ್ಕು ಹನಿ ಗ್ಲಿಸರಿನ್ ಎಲ್ಲಾ ಸೇರಿ ಇನ್ನೆರಡು ಪೈಸೆ. ಅಚ್ಚು ಕೊರೆಯುವ ರಬ್ಬರಿಗೆ ಖರ್ಚಿಲ್ಲ, ಸವೆದ ಹವಾಯಿ ಚಪ್ಪಲಿ ಯಾರ ಮನೆಯ ಹಿತ್ತಲಲ್ಲಾದರೂ ಬಿದ್ದಿರುತ್ತದೆ. ಹೀಗೆ ಐದು ಪೈಸೆಗೆ ತಯಾರಾದದ್ದನ್ನು ಕಡೂರಿನ ಪುಸ್ತಕದಂಗಡಿ ತೀರ್ಥಪ್ಪ ಹದಿನೈದಕ್ಕೆ ಕೊಂಡು ಇಪ್ಪತ್ತೈದಕ್ಕೆ ಮಾರುತ್ತಿದ್ದ. ಅದರ ಮೇಲೆ ಹದಿನೈದು ಪೈಸೆಯ ಅಂಚೆ ಚೀಟಿ ಬೇರೆ. ಕಾರ್ಡು ಮಾಡುವ ಶಂಕರಮ್ಮ ತಾನೇ ಒಂದನ್ನು ಯಾರಿಗಾದರೂ ಕಳಿಸಿದರೆ ಅವಳಿಗೆ ಬೀಳುವುದು ಇಪ್ಪತ್ತು ಪೈಸೆ. ಮೊದಲ ಐದು ವರ್ಷದಲ್ಲಿ ಅವಳು ಹಾಗೆ ಕಳಿಸಿದ್ದು ಒಂದೇ ಒಂದು.

ತರೀಕೆರೆಯ ತಾಲ್ಲೂಕು ಕಚೇರಿಯ ರಸ್ತೆಯಲ್ಲಿ ಅವಳ ಗಂಡ ಕರಿಸಿದ್ದಪ್ಪನದು ಮೊಹರು ಮಾಡುವ ಪುಟ್ಟ ಅಂಗಡಿ. ಪಂಚಾಯ್ತಿ, ಸೊಸೈಟಿ, ಇಸ್ಕೂಲು ಹೆಡ್‌ಮಾಸ್ತರು, ಕೊಬ್ಬರಿ ಮಂಡಿಯವರು, ಎಲ್ಲರ ಮೊಹರೂ ಅಲ್ಲಿಯೇ ಆಗಬೇಕು. ಸೀಸದ ಅಕ್ಷರ ಜೋಡಿಸಿ, ಗಚ್ಚಿನಲ್ಲಿ ಅಚ್ಚೊತ್ತಿ, ರಬ್ಬರು ಬೇಯಿಸಿ ಮರದ ಹಿಡಿಗೆ ಅಂಟಿಸುವುದು ಅವನ ಕೆಲಸ. ಆ ಅಂಗಡಿಯ ಹಿಂದಿನ ಕೋಣೆಯೇ ಮನೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಆ ಕೋಣೆಗೆ ತೊಟ್ಟಿಲು ಬಂದಿರಲಿಲ್ಲ. ಸುಮ್ಮನೆ ಕೂತ ಕೈ ಏನಾದರೂ ಹುಡುಕುತ್ತದೆ. ಶಂಕರಮ್ಮನ ಕೈ ಬ್ಲೇಡು ಹುಡುಕಿತು. ಚಪ್ಪಲಿ ರಬ್ಬರಿನಲ್ಲಿ ಮೊದಲು ಒಂದು ಎಲೆ ಕೊರೆದಳು, ಆಮೇಲೆ ಗಿಣಿ, ಆಮೇಲೆ ಕಬ್ಬಿನ ಜಲ್ಲೆ. ದೀಪಕ್ಕೂ ಕಲಶಕ್ಕೂ ಮಾತ್ರ ಚಪ್ಪಲಿ ಮುಟ್ಟುತ್ತಿರಲಿಲ್ಲ. ಅವಕ್ಕೆ ಅಂಗಡಿಯಿಂದ ಹೊಸ ರಬ್ಬರು ತರಿಸಿಕೊಳ್ಳುತ್ತಿದ್ದಳು. ಕೊಳ್ಳುವವರಿಗೆ ಗೊತ್ತಾಗುತ್ತದೆಯೇ ಎಂದು ಗಂಡ ನಕ್ಕರೆ, ನನಗೆ ಗೊತ್ತಾಗುತ್ತದಲ್ಲ ಎನ್ನುತ್ತಿದ್ದಳು.

ಅವಳಿಗೆ ಇದ್ದ ಒಡಹುಟ್ಟು ಒಬ್ಬಳೇ, ಅಕ್ಕ ಕರಿಬಸಮ್ಮ. ಅಜ್ಜಂಪುರದ ಆಚೆ ಬುಕ್ಕಾಂಬುಧಿಯ ಕಲ್ಲಪ್ಪನಿಗೆ ಕೊಟ್ಟಿತ್ತು. ಇಬ್ಬರಿಗೂ ಮಾತು ಬಿಟ್ಟು ಆರು ವರ್ಷ. ಕಾರಣ ಹೇಳಹೊರಟರೆ ಅರ್ಧ ನಿಮಿಷದ್ದು. ಅಕ್ಕನ ಮಗಳು ಹಾಲಮ್ಮನನ್ನು ತೊಟ್ಟಿಲಿಗೆ ಹಾಕಿದ ದಿನ, ಮಗುವನ್ನು ಕೈಗೆ ಕೊಡುವ ಹೊತ್ತಿನಲ್ಲಿ ಶಂಕರಮ್ಮ ಎರಡೂ ಕೈ ಚಾಚಿದಳು. ಅಕ್ಕ ನೆರೆದ ಹೆಂಗಸರ ಮುಖ ನೋಡಿ, "ನೀ ಸ್ವಲ್ಪ ಆಚೆಗಿರೇ ಶಂಕರಿ, ಮಕ್ಕಳೊಂದಿಗರು ಮೊದ್ಲು ಎತ್ಕಳ್ಳಿ" ಅಂದುಬಿಟ್ಟಳು. ಚಾಚಿದ ಕೈಯನ್ನು ಹಾಗೇ ಸೆರಗಿಗೆ ಒರೆಸಿಕೊಂಡು ಶಂಕರಮ್ಮ ಊಟ ಮಾಡದೆ ಬಸ್ಸು ಹತ್ತಿದ್ದಳು. ಅಂದಿನಿಂದ ಆ ಮನೆಯವರು ಈ ಮನೆಗಿಲ್ಲ, ಈ ಮನೆಯವರು ಆ ಮನೆಗಿಲ್ಲ.

ಆರು ವರ್ಷ ಕಳೆದ ಮೇಲೆ ಸಿಟ್ಟು ಸವೆದು ಆಸೆ ಉಳಿಯಿತು. ಮಗು ಈಗ ಇಸ್ಕೂಲಿಗೆ ಹೋಗುತ್ತಿರಬೇಕು, ಯಾರ ಮುಖ ಬಂದಿದೆಯೋ ಏನೋ. ಎಂಬತ್ತರ ಸಂಕ್ರಾಂತಿಗೆ ಮುಂಚೆ ಶಂಕರಮ್ಮ ಗಂಡನಿಗೆ ಹೇಳಿದಳು: ಎಳ್ಳುಬೆಲ್ಲದ ಹೆಸರಲ್ಲಿ ನಾನೇ ಮೊದಲು ಒಂದು ಕಾರ್ಡು ಹಾಕುತ್ತೇನೆ, ಅಕ್ಕ ಬಾ ಅಂದರೆ ಹೋಗುತ್ತೇನೆ. ಕರಿಸಿದ್ದಪ್ಪ, "ಸೋತೋರು ಯಾರು ಅಂತ ಲೆಕ್ಕ ಹಾಕ್ಬೇಡ, ಹಾಕು" ಅಂದ.

ಇನ್ನು ಕಾರ್ಡು ಹೇಗಿರಬೇಕು ಎಂಬ ಪ್ರಶ್ನೆ. ಹೋದ ವಾರವಷ್ಟೇ ಕಡೂರಿನಲ್ಲಿ ತೀರ್ಥಪ್ಪ ಅವಳ ಕೆಂಪು, ಹಸಿರು, ನೇರಳೆ ಕಾರ್ಡುಗಳನ್ನು ಎಣಿಸಿಕೊಳ್ಳುತ್ತಾ, ಮಿಠಾಯಿ ಅಂಗಡಿ ಇದ್ದಂಗಿದೆ ಕಣಮ್ಮ ಎಂದು ಹಾಸ್ಯ ಮಾಡಿದ್ದ. ಬೊಂಬಾಯಿಂದ ಬಂದ ಒಂದು ಕಾರ್ಡು ತೋರಿಸಿದ್ದ. ಒಂದೇ ಬಣ್ಣ, ಕಪ್ಪು. ಸುತ್ತ ಕಪ್ಪು ಅಂಚು, ನಡುವೆ ಎರಡು ಗೆರೆಯ ಚಿತ್ರ. ದೊಡ್ಡ ಊರಿನವರು ಈಗ ಇದನ್ನೇ ಕೇಳುವುದು ಎಂದಿದ್ದ. ಆ ಮಾತು ಶಂಕರಮ್ಮನಿಗೆ ಚುಚ್ಚಿತ್ತು. ಅಕ್ಕನಿಗೆ ಹೋಗುವ ಕಾರ್ಡು ತನ್ನ ಕೈಯಲ್ಲಿ ಆಗುವ ಎಲ್ಲಕ್ಕಿಂತ ಒಳ್ಳೆಯದಾಗಿರಬೇಕು ಎಂದುಕೊಂಡಳು.

ಗಂಡನ ಮೇಜಿನಿಂದ ಕರಿ ಪ್ಯಾಡು ತಂದಳು. ನಡುವೆ ಎರಡು ಕಬ್ಬಿನ ಜಲ್ಲೆ, ಒಂದಕ್ಕೊಂದು ಒರಗಿದ್ದು. ಸುತ್ತಲೂ ಬೇವಿನೆಲೆಯಷ್ಟು ಚಿಕ್ಕ ಅಚ್ಚನ್ನು ಒಂದಕ್ಕೊಂದು ತಾಗುವಂತೆ ಒತ್ತಿ ಅಂಚು ಕಟ್ಟಿದಳು. ಒಂದು ಎಲೆಯೂ ಸೊಟ್ಟಗಾಗಲಿಲ್ಲ. ಮೂರು ಹಾಳೆ ಕೆಡಿಸಿ ನಾಲ್ಕನೆಯದಕ್ಕೆ ಸರಿಬಂತು. ಹಿಂದುಗಡೆ ಅರ್ಧ ವಿಳಾಸಕ್ಕೆ ಬಿಟ್ಟು, ಇನ್ನರ್ಧದಲ್ಲಿ ತನ್ನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದಳು: ಅಕ್ಕಾ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡೋಣ. ಹಾಲಮ್ಮನನ್ನು ನೋಡಬೇಕು ಅನ್ನಿಸಿದೆ. ನೀನು ಬಾ ಅಂದರೆ ಬರುತ್ತೇನೆ. ನಿನ್ನ ಶಂಕರಿ.

ಶುಭದ ಕಾಗದಕ್ಕೆ ಮೂಲೆಗೆ ಅರಿಶಿನ, ಸಾವಿನ ಕಾಗದಕ್ಕೆ ಮೂಲೆಗೆ ಕಪ್ಪು. ಇದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಓದು ಬಾರದ ಮನೆಗೂ ಮೂಲೆ ನೋಡಿದರೆ ಸುದ್ದಿ ತಿಳಿಯುತ್ತದೆ. ಸಾವಿನದ್ದಾದರೆ ಒಳಗೆ ತರುವುದಿಲ್ಲ. ಹೊರಗೇ ಓದಿಸಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಶಂಕರಮ್ಮನೂ ಅರಿಶಿನದ ಬಟ್ಟಲನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಬೆರಳು ಅದ್ದಿದಳು ಕೂಡ. ಕಾರ್ಡಿನ ಹತ್ತಿರ ತಂದವಳು ತಡೆದಳು.

"ಯಾಕೆ, ಹಚ್ಚೇ" ಅಂದ ಕರಿಸಿದ್ದಪ್ಪ.

"ಎಲೆ ಮೇಲೆಲ್ಲ ಹರಡ್ತದೆ ಕಣ್ರೀ. ಇಷ್ಟು ಚೆಂದ ಬಂದಿರೋದು ಕೆಡ್ತದೆ."

"ಕರಿ ಅಂಚು ಬೇರೆ ಅದೆ, ಒಂಚೂರು ಹಚ್ಬುಡು."

"ಇದು ಡಿಸೈನು. ಬೊಂಬಾಯಿ ಕಾರ್ಡಿಗೆ ಯಾರು ಅರಿಶಿನ ಹಚ್ತಾರೆ? ನೀವು ಮೊಹರು ಒತ್ತೋರು, ನಿಮಗೆ ಮೂಲೆ ಬಿಟ್ರೆ ಇನ್ನೇನು ಕಾಣ್ತದೆ."

ಅವನು ನಕ್ಕು ತನ್ನ ಮೊಹರಿನ ಕಡೆ ತಿರುಗಿದ. ಅವಳು ಬೆರಳಿನ ಅರಿಶಿನವನ್ನು ತನ್ನ ಕೆನ್ನೆಗೇ ಒರೆಸಿಕೊಂಡು, ಕಾರ್ಡನ್ನು ಲಕೋಟೆಗೂ ಹಾಕದೆ, ಎಲ್ಲರೂ ನೋಡಲಿ ಎಂದು ಹಾಗೇ ಅಂಚೆ ಡಬ್ಬಿಗೆ ಹಾಕಿ ಬಂದಳು.

ಸಂಕ್ರಾಂತಿ ಕಳೆಯಿತು. ಉತ್ತರ ಬರಲಿಲ್ಲ. ಶಿವರಾತ್ರಿಗೂ ಇಲ್ಲ, ಯುಗಾದಿಗೂ ಇಲ್ಲ. ಅಂಚೆಯವನ ಸೈಕಲ್ಲು ಕಚೇರಿ ರಸ್ತೆಗೆ ತಿರುಗಿದರೆ ಅವಳ ಕೈಲಿದ್ದ ಅಚ್ಚು ಕಾಗದದ ಮೇಲೆ ನಿಂತುಬಿಡುತ್ತಿತ್ತು, ಶಾಯಿ ಇಂಗಿ ಹೂವು ಮಸಿಯಾಗುತ್ತಿತ್ತು. ನಾನೇ ಹೋಗಿ ನೋಡಿಕೊಂಡು ಬರಲೇ ಎಂದು ಗಂಡ ಕೇಳಿದ. ಬೇಡ ಅಂದಳು. ಇನ್ನೊಂದು ಕಾರ್ಡಾದರೂ ಹಾಕು ಅಂದ. "ಕರೀರಿ ಬತ್ತೀನಿ ಅಂತ ಒಂದ್ಸಲ ಕೇಳ್ಬೌದು. ಎರಡ್ನೇ ಸಲ ಕೇಳಿದ್ರೆ ಭಿಕ್ಷೆ ಆಗ್ತದೆ" ಅಂದಳು. ಅಲ್ಲಿಗೆ ಅವನೂ ಬಿಟ್ಟ.

ಅದೇ ಬೇಸಿಗೆಯಲ್ಲಿ ತೀರ್ಥಪ್ಪ ಮೂರು ಡಜನ್ ಕಾರ್ಡು ವಾಪಸು ಕೊಟ್ಟ. ಅಕ್ಕನಿಗೆ ಕಳಿಸಿದಂಥದೇ ಕರಿ ಅಂಚಿನವು, ಅವನೇ ಹೇಳಿ ಮಾಡಿಸಿದ್ದು. ಜನ ಕೈಗೆ ತಗೊಂಡು ನೋಡಿ ಮಾತಾಡದೆ ಕೆಳಗಿಟ್ಟು ಹೋಗ್ತಾರೆ, ಯಾಕೋ ತಿಳೀತಿಲ್ಲ ಕಣಮ್ಮ ಅಂದ. ಶಂಕರಮ್ಮನೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಜನಕ್ಕೆ ಬಣ್ಣವೇ ಬೇಕು ಅಂದುಕೊಂಡು, ಹಿಂಬದಿ ಹಾಳಾಗಬಾರದೆಂದು ಚೀಟಿ ಬರೆಯಲು ಇಟ್ಟುಕೊಂಡಳು. ಸಂಗತಿ ಅವಳ ಕೈಯಲ್ಲೇ ಇತ್ತು, ಮೂರು ಡಜನ್.

ಅಕ್ಟೋಬರಿನಲ್ಲಿ ಒಂದು ಪೋಸ್ಟ್ ಕಾರ್ಡು ಬಂತು. ನಾಲ್ಕು ಮೂಲೆಗೂ ಕಪ್ಪು. ಕರಿಸಿದ್ದಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಓದಿದ. ಷಡ್ಕ ಕಲ್ಲಪ್ಪ ಬರೆದದ್ದು. ಕರಿಬಸಮ್ಮ ಎದೆಬೇನೆಯಿಂದ ಸೋಮವಾರ ತೀರಿಕೊಂಡಳೆಂದೂ ಮಣ್ಣು ಆಯಿತೆಂದೂ ಇತ್ತು. ಶಂಕರಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವಳು ಮೊದಲು ಅತ್ತಳು. ಆಮೇಲೆ ಕಾರ್ಡನ್ನು ಮತ್ತೆ ಓದಿಸಿ, ಒಡಹುಟ್ಟಿದೋಳು ಸತ್ತರೂ ನನಗೊಂದು ಮಾತಿಲ್ಲವೇ, ಅಷ್ಟು ಹಗೆಯೇ ಅಂದಳು. ಆದರೂ ಹೋಗದೆ ಇರಲಾಗಲಿಲ್ಲ. ಮಾರನೇ ದಿನ ಗಂಡ ಹೆಂಡತಿ ಅಜ್ಜಂಪುರಕ್ಕೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಹಿಡಿದು ಬುಕ್ಕಾಂಬುಧಿಯಲ್ಲಿ ಇಳಿದರು.

ಕೆರೆ ಏರಿ ದಾಟಿದರೆ ಎರಡನೇ ಮನೆ. ಜಗಲಿಯ ಮೇಲೆ ಅಕ್ಕನ ಅತ್ತೆ ಈರಕ್ಕ ಕೂತಿದ್ದಳು. ಕಣ್ಣಿಗೆ ಪೊರೆ ಬಂದ ಮುದುಕಿ, ಹಣೆಗೆ ಕೈ ಅಡ್ಡ ಇಟ್ಟು ನೋಡಿ ಯಾರು ಎಂದಳು.

"ನಾನು ಅತ್ತೆ, ಶಂಕರಿ."

ಮುದುಕಿ ಗೋಡೆ ಹಿಡಿದು ಎದ್ದಳು. ಹತ್ತಿರ ಬಂದು ಶಂಕರಮ್ಮನ ಮುಖ, ತೋಳು, ಕೊರಳಿನ ತಾಳಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿದಳು.

"ನೀ ಸತ್ತೋಗಿದ್ದೆ ಕಣವ್ವಾ" ಅಂದಳು.

ಆಮೇಲೆ ಸುದ್ದಿ ತುಂಡುತುಂಡಾಗಿ ಬಂತು. ಸಂಕ್ರಾಂತಿಯ ಹಿಂದಿನ ದಿನ ಅಂಚೆಯವನು ತರೀಕೆರೆಯದು ಅಂತ ಕಾರ್ಡೊಂದನ್ನು ಈರಕ್ಕನ ಕೈಗಿಟ್ಟು ಅವಸರದಲ್ಲಿ ಹೋಗಿದ್ದ. ಮುದುಕಿಗೆ ಓದು ಬರುವುದಿಲ್ಲ. ಬಿಸಿಲಿಗೆ ಹಿಡಿದು ನೋಡಿದರೆ ಅರಿಶಿನವಿಲ್ಲ, ಸುತ್ತಲೂ ಕಪ್ಪು. ಮೂಲೆಗಷ್ಟೇ ಅಲ್ಲ, ನಾಲ್ಕೂ ಕಡೆ. "ನಡುವೆ ಎರಡು ಗಳ ಕಂಡ್ವು. ಚಟ್ಟ ಬರ್ದವ್ರೆ ಅನ್ಕಂಡೆ" ಅಂದಳು. ತರೀಕೆರೆಯಲ್ಲಿ ತಮಗೆ ಬೇಕಾದವಳು ಶಂಕರಿ ಒಬ್ಬಳೇ. ಒಳಗೆ ಸೊಸೆ ಎದೆಬೇನೆಯಿಂದ ಮಲಗಿದ್ದಳು. ಮನಸ್ಸಿಗೆ ಆಘಾತ ಆಗುವಂಥ ಮಾತು ಕಿವಿಗೆ ಹಾಕಬೇಡಿ, ಹಾಕಿದರೆ ಉಳಿಯುವುದಿಲ್ಲ ಎಂದು ಅಜ್ಜಂಪುರದ ಡಾಕ್ಟರು ಎರಡು ದಿನದ ಹಿಂದೆಯೇ ಹೇಳಿದ್ದರು. ಮುದುಕಿ ಯೋಚಿಸಿದಳು. ಮಗನಿಗೆ ಹೇಳಿದರೆ ಅವನು ತರೀಕೆರೆಗೆ ಹೊರಡುತ್ತಾನೆ, ಸೊಸೆ ಎಲ್ಲಿಗೆ ಅಂತ ಕೇಳುತ್ತಾಳೆ. ಹೇಗೂ ಎರಡು ಮನೆಗೆ ಬಳಕೆಯಿಲ್ಲ, ಮುಚ್ಚಿಟ್ಟರೆ ಮುಚ್ಚಿಯೇ ಇರುತ್ತದೆ. ಓದಿಸದೆ ಹರಿಯಬಾರದು, ಒಳಗೂ ತರಬಾರದು. ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ, ತಲೆಗೆ ನೀರು ಹಾಕಿಕೊಂಡು, ಒಬ್ಬಳೇ ನುಂಗಿಕೊಂಡಳು. ಒಂಬತ್ತು ತಿಂಗಳು.

ಕರಿಬಸಮ್ಮ ಆ ಹಬ್ಬಕ್ಕೂ ತಂಗಿಯ ಪಾಲಿನ ಎಳ್ಳನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದಳಂತೆ. ಕಲ್ಲಪ್ಪ ಹೇಳಿದ. ಆರು ವರ್ಷವೂ ಹಾಗೇ ಇಡುವುದು, ಒಂದು ತಿಂಗಳು ಕಾದು ಹಕ್ಕಿಗೆ ಹಾಕುವುದು. ಮೊದಲು ಅವಳು ಬರಲಿ, ತಪ್ಪು ನಂದೇ, ಆದ್ರೂ ಅವಳು ಬರಲಿ ಎನ್ನುತ್ತಿದ್ದಳಂತೆ. ಕೊನೆಗೆ ಭಾನುವಾರ, ಉಸಿರು ಕಟ್ಟುವಾಗ, ಶಂಕರಿಗೆ ಹೇಳಿ ಕಳಿಸಿ ಎಂದು ಬಾಯಿಬಿಟ್ಟು ಕೇಳಿದ್ದಳು. ಕಲ್ಲಪ್ಪ ಅಂಗಿ ಹಾಕಿಕೊಂಡು ಹೊರಟೂ ಇದ್ದ. ಆಗ ಈರಕ್ಕ ಅವನನ್ನು ಕೊಟ್ಟಿಗೆಗೆ ಕರೆದು, ಹೋಗಬೇಡಪ್ಪ, ಆ ಹುಡುಗಿ ಹೋಗಿ ಒಂಬತ್ತು ತಿಂಗಳಾಯಿತು, ಕಾಗದ ಸೂರಿನಲ್ಲಿದೆ ಅಂದಳು. ಆ ಗಡಿಬಿಡಿಯಲ್ಲಿ ಸಾವಿನ ಕಾಗದ ಇಳಿಸಿ ಓದುವಷ್ಟು ಹೊತ್ತು ಅವನಿಗಿರಲಿಲ್ಲ. ಮುದುಕಿ ಒಳಗೆ ಬಂದು ಸೊಸೆಯ ತಲೆ ಸವರಿ, ಬತ್ತಾಳೆ ಕಣವ್ವ, ಬಸ್ಸು ಹತ್ತಿದಾಳೆ ಅಂದಳು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಕರಿಬಸಮ್ಮ ಬಾಗಿಲ ಕಡೆ ಕಣ್ಣು ಹೊರಳಿಸುತ್ತಿದ್ದಳಂತೆ.

ಕಲ್ಲಪ್ಪ ಕೊಟ್ಟಿಗೆಗೆ ಹೋಗಿ ಸೂರಿನಿಂದ ಕಾರ್ಡು ತಂದ. ಹೊಗೆ ಹಿಡಿದಿತ್ತು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಎಲೆಗಳು ಮಾತ್ರ ಒತ್ತಿದ ದಿನ ಇದ್ದ ಹಾಗೇ ಸಾಲಾಗಿ ಇದ್ದವು. ಅವನು ಹಿಂದುಗಡೆಯ ನಾಲ್ಕು ಸಾಲು ಓದಿ, ಹೊಸ್ತಿಲ ಮೇಲೆ ಕೂತುಬಿಟ್ಟ. ಏನು ಬರೆದಿದೆಯೋ ಎಂದು ತಾಯಿ ಕೇಳಿದಳು. ಎರಡನೇ ಸಲ ಕೇಳಿದಾಗ ಶಂಕರಮ್ಮನೇ, ಸುಮ್ಮನೆ ಹಬ್ಬದ ಕಾಗದ ಅತ್ತೆ, ನಾನೇ ಅರಿಶಿನ ಹಚ್ಚೋದು ಮರೆತಿದ್ದೆ ಅಂದಳು.

ಮರೆತಿರಲಿಲ್ಲ. ಬೆರಳು ಅದ್ದಿಯೂ ಹಚ್ಚಿರಲಿಲ್ಲ. ಅದು ಗೊತ್ತಿದ್ದವನು ಕರಿಸಿದ್ದಪ್ಪ ಒಬ್ಬ; ಅವನು ಆವತ್ತೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಮುದುಕಿ ಮಾತ್ರ ಗೋಡೆಗೆ ಹಣೆ ಹಚ್ಚಿ, "ಒಳ್ಳೇದ್ಕೇ ಮಾಡ್ದೆ ಕಣವ್ವಾ" ಎನ್ನುತ್ತಲೇ ಇದ್ದಳು. ಅದು ನಿಜವೂ ಆಗಿತ್ತು. ಶಂಕರಮ್ಮ ಅವಳ ಪಕ್ಕ ಕೂತು ಬೆನ್ನು ಸವರಿದಳು. ಅಷ್ಟರಲ್ಲಿ ಒಳಗಿನಿಂದ ಒಂದು ಹುಡುಗಿ ಬಂದು ಕಂಬ ಹಿಡಿದು ನಿಂತು ನೋಡಿತು. ಅಕ್ಕನದೇ ಹುಬ್ಬು, ಅಕ್ಕನದೇ ಗದ್ದ. ಶಂಕರಮ್ಮ ಕೈ ಚಾಚಲಿಲ್ಲ. ಚಾಚುವ ಧೈರ್ಯ ಬರಲಿಲ್ಲ. ಹುಡುಗಿಯೇ ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು, ಅವಳ ಉಗುರಿನ ಸಂದಿಯ ನೇರಳೆ ಶಾಯಿ ನೋಡಿ, ಇದು ಹೋಗಲ್ವಾ ಎಂದು ಕೇಳಿತು.

"ಹೋಗಲ್ಲ ಕಣೇ" ಅಂದಳು.

ಕಾರ್ಡಿನ ಕೆಲಸವನ್ನು ಶಂಕರಮ್ಮ ಬಿಡಲಿಲ್ಲ. ಎಂಬತ್ತೇಳರವರೆಗೂ ಮಾಡಿದಳು. ಕರಿ ಪ್ಯಾಡನ್ನು ಮುಟ್ಟಲಿಲ್ಲ. ಪ್ರತಿ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಒಣಗಿಸಿಯೇ ಅಂಗಡಿಗೆ ಕೊಡುತ್ತಿದ್ದಳು. ಕೈಗೆ ಹತ್ತುತ್ತದೆ, ಪಕ್ಕದ ಕಾರ್ಡಿಗೆ ತಾಗುತ್ತದೆ ಎಂದು ತೀರ್ಥಪ್ಪ ಗೊಣಗಿ ಬೆಲೆಯನ್ನು ಹನ್ನೆರಡು ಪೈಸೆಗೆ ಇಳಿಸಿದ. ಆಗಲಿ ಅಂದಳು.

ಬೇಸಿಗೆಗೂ ದಸರೆಗೂ ಹಾಲಮ್ಮ ತರೀಕೆರೆಗೆ ಬರುತ್ತಿದ್ದಳು, ಚಿಕ್ಕಮ್ಮನ ಪಕ್ಕ ಕೂತು ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು. ಸಿಕ್ಕಿದ್ದು ಅಷ್ಟು, ವರ್ಷಕ್ಕೆ ಎರಡು ರಜೆ. ಹೋದದ್ದು ಅಕ್ಕ.